ಹಿಂದಿನ ಸೀಟಿನ ಸದ್ದು

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಐವತ್ತು ವರ್ಷ ಕಾರುಗಳ ಕೆಳಗೆ ಮಲಗಿ ಕಲಿತದ್ದೇ ನನ್ನ ಓದು...

ಒಂದು ಪಾಠ ಮಾತ್ರ ಕಾರಿನ ಒಳಗೆ ಕೂತು ಕಲಿತೆ. ಅದನ್ನು ಹೇಳ್ತೀನಿ, ಎರಡು ನಿಮಿಷ ಓದಿ.

ದಾವಣಗೆರೆಯಲ್ಲಿ ಹಳೇ ಹತ್ತಿ ಮಿಲ್ಲಿನ ಹಿಂದೆ ನನ್ನ ಗ್ಯಾರೇಜು. ಒಂದು ಬೆಳಿಗ್ಗೆ ಪೇಂಟ್ ಅಂಗಡಿಯ ಮುರುಗೇಶಪ್ಪ ಬಿಳಿ ಕಾರು ತಂದು ನಿಲ್ಲಿಸಿದರು.

"ಕಾರಲ್ಲಿ ಏನೂ ಇಲ್ಲ ಇಮಾಮ್ ಸಾಬ್ರೆ... ಏನೂ ಇಲ್ಲ ಅಂತ ನೀವೊಂದು ಮಾತು ನಮ್ಮ ಅವ್ವನಿಗೆ ಹೇಳಿಬಿಡ್ರಿ, ಸಾಕು."

ಇದೆಂಥ ರಿಪೇರಿ ಅಂತ ನಾನು ಅವರ ಮುಖ ನೋಡಿದೆ. ನಿಧಾನಕ್ಕೆ ಎಲ್ಲ ಹೇಳಿದರು.

ಅವರ ತಾಯಿ ಗುರುಸಿದ್ದಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಹೋಗಬೇಕು.

ಕಾರು ಹತ್ತಿದರೆ ಆಕೆಯದ್ದು ಒಂದೇ ಮಾತು... "ಹಿಂದೆ ಏನೋ ಬಡೀತೈತೋ ಮಗಾ."

ಎರಡು ಗ್ಯಾರೇಜಿನವರು ಓಡಿಸಿ ನೋಡಿದರಂತೆ. ಒಬ್ಬರಿಗೂ ಕೇಳಿಸಲಿಲ್ಲ. ಒಬ್ಬ ಹಿಂದಿನ ಶಾಕ್ ಅಬ್ಸಾರ್ಬರ್ ಬೇರೆ ಬದಲಾಯಿಸಿದ್ದ.

ಒಂದು ದಿನ ಸಿಗ್ನಲ್ಲಿನಲ್ಲಿ ಆ ತಾಯಿ ಬಾಗಿಲು ತೆಗೆದು ಒಂದು ಕಾಲು ಹೊರಗೇ ಇಟ್ಟುಬಿಟ್ಟರಂತೆ. ಪಕ್ಕದಲ್ಲೇ ಲಾರಿ...

ಅವತ್ತಿನಿಂದ ಮಗ ಹಿಂದಿನ ಬಾಗಿಲು ಒಳಗಿನಿಂದ ತೆರೆಯದ ಹಾಗೆ ಚೈಲ್ಡ್ ಲಾಕ್ ಹಾಕಿದರು. ಕಿಟಕಿಗೂ ಲಾಕ್. ಗೊಣಗಾಟ ಕೇಳದ ಹಾಗೆ ವಚನದ ಹಾಡು ಜೋರಾಗಿ ಹಾಕೋರು.

ಈಗ ಎರಡು ವಾರದಿಂದ ಆಕೆ ಕಾರು ಹತ್ತುವುದಿಲ್ಲ ಅಂತ ಹಟ. ಈ ತಿಂಗಳು ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ ಅಂದಿದ್ದಾರೆ ಡಾಕ್ಟರು.

"ಅರಳುಮರಳು ಸಾಬ್ರೆ. ಸೋಮವಾರ ತಲೆ ಡಾಕ್ಟ್ರ ಹತ್ರ ಚೀಟಿ ಮಾಡ್ಸೀನಿ," ಅಂತ ಜೇಬು ಮುಟ್ಟಿ ತೋರಿಸಿದರು.

ನಾನು ಡಿಕ್ಕಿ ಖಾಲಿ ಮಾಡಿದೆ. ಸ್ಟೆಪ್ನಿ, ಜ್ಯಾಕು ಕೆಳಗಿಳಿಸಿದೆ. ಹಾಡು ಆರಿಸಿ ಒಬ್ಬನೇ ಓಡಿಸಿದೆ... ಸದ್ದಿಲ್ಲ.

"ನೋಡಿದ್ರಾ?" ಅಂದರು.

ಅವ್ವ ಎಲ್ಲಿ ಕೂರ್ತಾರೆ ಅಂತ ಕೇಳಿದೆ. ಹಿಂದೆ, ಎಡಗಡೆ ಅಂದರು.

ನಮ್ಮ ಉಸ್ತಾದರು ಕಲಿಸಿದ ಪದ್ಧತಿ ಒಂದಿದೆ. ಸದ್ದು ಯಾರಿಗೆ ಕೇಳುತ್ತದೋ ಅವರ ಜಾಗದಲ್ಲಿ ಕೂತು ಹುಡುಕಬೇಕು. ಎಲ್ಲರೂ ಸ್ಟೇರಿಂಗ್ ಹಿಡಿದೇ ಹುಡುಕಿದ್ದರು...

ನಾನೇ ಹಿಂದೆ ಕೂರಬಹುದಿತ್ತು. ಆದರೆ ಹೇಳಿದೆ, "ನನ್ನ ಒಂದು ಕಿವಿ ಸುತ್ತಿಗೆ ಸದ್ದಿಗೇ ಹೋಗೈತಿ. ನೀವು ಕೂತ್ಕೊಳ್ರಿ, ನಾನು ಓಡಿಸ್ತೀನಿ."

ನಗುತ್ತಾ ಕೂತರು. ನಾನು ಯಾವ ಲಾಕೂ ಮುಟ್ಟಲಿಲ್ಲ, ಹಾಡನ್ನೂ ಮತ್ತೆ ಜೋರಾಗಿ ಹಾಕಿದೆ. ಅವರು ತಾಯಿಗೆ ಹೇಗೆ ಇಟ್ಟಿದ್ದರೋ ಹಾಗೇ.

ಮಿಲ್ಲಿನ ಗೋಡೆ ಪಕ್ಕದ ಗುಂಡಿ ರಸ್ತೆಗೆ ಇಳಿಸಿದೆ.

ಮೊದಲ ಗುಂಡಿಗೆ ಅವರ ನಗು ನಿಂತಿತು. ಎರಡನೆಯದಕ್ಕೆ ಕೂತಲ್ಲೇ ಪಕ್ಕಕ್ಕೆ ಸರಿಯಲು ನೋಡಿದರು...

ಹಾಡಿನ ಸ್ಪೀಕರ್ ಅವರ ಕಿವಿಯ ಹಿಂದೆಯೇ. ಅವರು ಏನೋ ಹೇಳಿದರು, ನನಗೆ ಕೇಳಲಿಲ್ಲ. ಕಿಟಕಿ ಒತ್ತಿದರು, ಇಳಿಯಲಿಲ್ಲ. ಎಸಿ ಗಾಳಿ ಹಿಂದಕ್ಕೆ ಬರುತ್ತಿರಲಿಲ್ಲ, ಹಣೆಯಲ್ಲಿ ಬೆವರು.

ಟಕ್... ಟಕ್... ಟಕ್...

ಕನ್ನಡಿಯಲ್ಲಿ ನೋಡುತ್ತಿದ್ದೆ. ಬಾಗಿಲ ಹಿಡಿ ಎಳೆದರು. ಮತ್ತೆ ಎಳೆದರು. ಅದು ತೆರೆಯುವುದಿಲ್ಲ ಅಂತ ಅವರಿಗೇ ಗೊತ್ತಿತ್ತು... ಆದರೂ ಕೈ ಎಳೆಯುತ್ತಲೇ ಇತ್ತು.

ಕಾರು ನಿಲ್ಲಿಸಿ, ಹಾಡು ಆರಿಸಿ, ಹೊರಗಿನಿಂದ ಬಾಗಿಲು ತೆಗೆದೆ. ಅವರು ತಕ್ಷಣ ಇಳಿಯಲಿಲ್ಲ.

"ಸೊಂಟಕ್ಕೇ ಬಡೀತೈತಿ ಸಾಬ್ರೆ... ಅದಕ್ಕೇ ಅವ್ವ ಅವತ್ತು ಇಳಿಯಾಕ್ ಹೋಗಿದ್ಲು," ಅಂದರು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಎಡಗಡೆ ಶಾಕ್ ಬಿಚ್ಚಿದೆ. ಶಾಕೇನೋ ಹೊಸದು. ಆದರೆ ಅದರ ತಲೆ ಮೇಲೆ ಕೂರುವ ರಬ್ಬರ್ ಬುಶ್ ಹಳೆಯದ್ದನ್ನೇ ಮತ್ತೆ ಹಾಕಿದ್ದ ಪುಣ್ಯಾತ್ಮ. ಉದ್ದಿನ ವಡೆಯಷ್ಟು ದೊಡ್ಡದು, ಸೀಳಿಹೋಗಿತ್ತು.

ಆ ಮೂಲೆಗೆ ಭಾರ ಬಿದ್ದಾಗ ಮಾತ್ರ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಅದೂ ಆ ತಾಯಿಯ ಸೊಂಟದ ಮಗ್ಗುಲಲ್ಲೇ.

ಎರಡೂ ಕಡೆ ಹೊಸ ರಬ್ಬರು ಹಾಕಿದೆ. ಅವರನ್ನು ಅದೇ ಸೀಟಲ್ಲಿ ಕೂರಿಸಿ, ಅದೇ ರಸ್ತೆಗೆ ಮತ್ತೆ ಹೋದೆ. ಸದ್ದಿಲ್ಲ.

ಇಳಿದವರು ಬಾಗಿಲ ಅಂಚಿನ ಚೈಲ್ಡ್ ಲಾಕನ್ನು ತಾವೇ ತೆಗೆದರು. ಕಿಟಕಿಯದ್ದನ್ನೂ. "ನೀವೂ ಮನೆ ತನಕ ಬರ್ರಿ," ಅಂದರು. ಒಬ್ಬರೇ ಹೋಗಲು ಧೈರ್ಯ ಇರಲಿಲ್ಲ ಅಂತ ಕಾಣುತ್ತೆ.

ಗುರುಸಿದ್ದಮ್ಮ ವಾಕರ್ ಹಿಡಿದು ಪಡಸಾಲೆಯಲ್ಲಿ ಕೂತಿದ್ದರು. ಕಾರು ಕಂಡದ್ದೇ ಮುಖ ಆಚೆ ತಿರುಗಿಸಿದರು.

"ಇದೇ ನೋಡವ್ವ ಬಡೀತಿದ್ದದ್ದು," ಅಂತ ಮಗ ಆ ಸೀಳಿದ ರಬ್ಬರನ್ನು ತಾಯಿಯ ಅಂಗೈಯಲ್ಲಿಟ್ಟರು.

ಆಕೆ ತಿರುಗಿಸಿ ತಿರುಗಿಸಿ ನೋಡಿದರು.

"ಸಾಬ್ರೆ," ಅಂದರು ನನ್ನ ಕಡೆ ನೋಡಿ, "ನನ್ನ ಸೊಂಟಕ್ಕೂ ಇಂಥದ್ದೊಂದು ಹೊಸಾದು ಸಿಗ್ತೈತೇನು?"

ನಾನು ನಕ್ಕೆ. ಮಗ ನಗಲಿಲ್ಲ, ಆಕೆಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತರು.

"ಹಂಗಾದ್ರೆ ಸೋಮವಾರ ಆ ತಲೆ ಡಾಕ್ಟ್ರು?" ಅಂತ ಆಕೆ ಕೇಳಿದರು.

"ಇಲ್ಲವ್ವ..." ಅಂತ ಮಗ ಎದ್ದು ಹೆಗಲು ಕೊಟ್ಟರು.

ಆಕೆ ಮಗನ ಹೆಗಲು ಹಿಡಿದು ಕಾರಿನ ತನಕ ಬಂದರು. ಹಿಂದಿನ ಸೀಟಲ್ಲೇ ಕೂತರು. ಬಾಗಿಲು ಹಾಕಿಕೊಂಡರು.

ಆಮೇಲೆ ಒಳಗಿನಿಂದ ಹಿಡಿ ಎಳೆದರು. ಬಾಗಿಲು ತೆರೆಯಿತು.

ಮುಚ್ಚಿದರು... ಮತ್ತೊಂದು ಸಲ ತೆರೆದು ನೋಡಿದರು. ಆಮೇಲೇ, "ನಡಿ ಮಗಾ," ಅಂದರು.

•

ನಮಗೆ ಕೇಳಿಸಲಿಲ್ಲ ಅಂದ ಮಾತ್ರಕ್ಕೆ ಅವರ ನೋವು ಸುಳ್ಳಾಗುವುದಿಲ್ಲ... ಒಂದು ಸಲ ಅವರ ಜಾಗದಲ್ಲಿ ಕೂತು ನೋಡಬೇಕು.

ನಿಮ್ಮ ಮನೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತವರು ಯಾರು... ಅವರ ಬಾಗಿಲು ಒಳಗಿನಿಂದ ತೆರೆಯುತ್ತದೆಯಾ?