ಎಡಗಾಲಿನ ಲೇಸು

ವಿಶ್ವಾಸ ಪ್ರಮಾಣ ಹೇಳಿಸುತ್ತಿದ್ದ ಚರ್ಚಿನ ಉಪದೇಶಿಗೆ "ಶರೀರದ ಪುನರುತ್ಥಾನವನ್ನು ನಂಬುತ್ತೇನೆ" ಎಂಬಲ್ಲಿಗೆ ಬರುತ್ತಲೇ ನಾಲಿಗೆ ಹೊರಳದಾಯಿತು. ಎದುರಿಗೆ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದದ್ದು ಅವನ ಮಗಳು. ಕಾಲು ಬರಿದಾಗಿತ್ತು.

ಬೆಳಿಗ್ಗೆ ಹೆಂಡತಿ ಮಗಳ ಶಾಲೆಯ ಬೂಟು ತಂದಾಗ ಅವನೇ, "ಇನ್ನೆಲ್ಲಿಗೆ ನಡೀತಾಳೆ? ಬಿಡು" ಎಂದಿದ್ದ. ಹೆಂಡತಿ ಆ ಪ್ರಮಾಣವನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಸತ್ತವರು ದೇಹಸಮೇತ ಏಳುತ್ತಾರೆಂದು ಅವಳನ್ನು ಒಪ್ಪಿಸಲು ಅವನು ಮದುವೆಯಾದಾಗಿನಿಂದ ಊಟ ಆರಿಹೋಗುವಷ್ಟು ವಾದ ಮಾಡಿ ಸೋತಿದ್ದ.

ಈಗ ಅವಳು ಪಕ್ಕಕ್ಕೆ ಬಂದು, ಕೈಚೀಲದಿಂದ ಆ ಬೂಟುಗಳನ್ನು ತೆಗೆದು ಅವನ ಕೈಗಿಟ್ಟಳು. ಪಾಲಿಶ್ ಹಾಕಿ ತಂದಿದ್ದಳು. "ನಂಗೆ ಈಗಲೂ ನಂಬಿಕೆ ಇಲ್ಲ ರೀ" ಎಂದಳು ಮೆಲ್ಲಗೆ. "ಆದ್ರೆ ನೀವು ಹೇಳ್ತಾ ಬಂದಿದ್ದೇ ನಿಜ ಆಗಿಬಿಟ್ರೆ, ಮಗು ಬರಿಗಾಲಲ್ಲಿ ಏಳೋದು ಬೇಡ."

ಉಪದೇಶಿ ಪೆಟ್ಟಿಗೆಯ ಬಳಿ ಮಂಡಿಯೂರಿದ. ತಣ್ಣಗೆ ಸೆಟೆದ ಪಾದಗಳು ಬೂಟಿನೊಳಗೆ ಸಲೀಸಾಗಿ ಹೋಗಲಿಲ್ಲ. ಆಮೇಲೆ, ಯಾವಾಗಲೂ ಬಿಚ್ಚಿಹೋಗುತ್ತಿದ್ದ ಎಡಗಾಲಿನ ಲೇಸಿಗೆ, ಓಡುವಾಗ ಎಡವದಿರಲಿ ಎಂದು, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ.