ಶಿವಗಂಗಾಳ ಸಾಕ್ಷಿ

ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಡಾಕ್ಟರು ಕೇಳಿದಾಗ ಪಂಪಾಪತಿ ತಲೆ ತಗ್ಗಿಸಿದ. ಹೆಂಡತಿ ಶಿವಗಂಗಾ ತಡವರಿಸಲಿಲ್ಲ.

"ನಾ ಹತ್ತು ಸಲ ಶಿವಾಯ ನಮಃ ಅನ್ನೂತನಕ ಉಸಿರೇ ಇರಂಗಿಲ್ಲರಿ. ಆಮ್ಯಾಲೆ ನೀರಾಗ ಮುಳುಗಿದವರು ಎದ್ದಂಗ ಬುಸ್ ಅಂತಾರ."

ಪಂಪಾಪತಿ ಬೆರಗಾಗಿ ಅವಳ ಕಡೆ ನೋಡಿದ. ಅವನು ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾದವನು. ನಿದ್ದೆಯಲ್ಲಿ ಉಸಿರು ನಿಲ್ಲುವ ರೋಗ ಸೇವೆಯಲ್ಲಿದ್ದಾಗಲೇ ಅಂಟಿತೆಂದು ತೋರಿಸಿದರೆ ಅಂಗವೈಕಲ್ಯದ ಪಿಂಚಣಿ ಸಿಗುತ್ತದೆಂದು, ಜೊತೆಗೆ ಸೇವೆ ಮಾಡಿದ ದೇವದುರ್ಗದ ವಿರೂಪಣ್ಣ ತಲೆಗೆ ತುಂಬಿದ್ದ. ಮಲಗಿದವನಿಗೆ ಏನು ಗೊತ್ತು, ಹೆಂಡತಿಯೇ ಸಾಕ್ಷಿ, ಅವಳಿಗೆ ಕಲಿಸಿಟ್ಟುಕೋ ಎಂದಿದ್ದ.

ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಪಂಪಾಪತಿ ಕಲಿಸಲು ಕೂತ. ಎರಡು ಮಾತಾಡುವುದರೊಳಗೆ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಕೂತಲ್ಲೇ ತೂಕಡಿಸುವುದು ಅವಳ ಹಳೆಯ ಚಾಳಿ. ಅದಕ್ಕಾಗಿ ಅವನು ನೆಂಟರ ಮುಂದೆಯೇ ಬೈದದ್ದುಂಟು.

ಈಗ ನೋಡಿದರೆ, ಕಲಿಸದ್ದನ್ನೂ ಹೇಳುತ್ತಿದ್ದಾಳೆ. ಲಿಂಗಪೂಜೆಯಾಗದೆ ನೀರು ಮುಟ್ಟದವಳು. ಸಂತೆಯಲ್ಲಿ ಒಂದು ಬದನೆಕಾಯಿ ಹೆಚ್ಚಿಗೆ ಬಂದರೆ ತಿರುಗಿ ಕೊಟ್ಟು ಬರುವವಳು. ಇಂಥವಳ ಬಾಯಲ್ಲಿ ಸುಳ್ಳಾಡಿಸಿದೆನಲ್ಲ ಎಂದು ಅವನು ತನ್ನನ್ನೇ ಹಳಿದುಕೊಂಡ. ಹಿಂದೊಮ್ಮೆ ರಜೆಗೆ ಬಂದಾಗ, ನೀವು ಗೊರಕೆ ಹೊಡೆಯುತ್ತೀರಿ ಎಂದು ಅವಳು ಅಂದದ್ದಕ್ಕೇ ಎಗರಾಡಿದ್ದ. ಸಿಪಾಯಿಗೆ ರೋಗ ಕಟ್ಟುತ್ತೀಯಾ ಎಂದು ಕೇಳಿದ್ದ. ಅವಳು ಮತ್ತೆಂದೂ ಆ ಮಾತೆತ್ತಿರಲಿಲ್ಲ. ಇವತ್ತು ಅದೇ ರೋಗವನ್ನು ತಾನೇ ಕಟ್ಟಿಕೊಂಡು ಬಂದಿದ್ದ.

ಡಾಕ್ಟರು ಎಲ್ಲ ಬರೆದುಕೊಂಡರು. ಇವತ್ತು ಇಲ್ಲೇ ಮಲಗಿಸಿ, ಯಂತ್ರ ಹಚ್ಚಿ ನೋಡುತ್ತೇವೆ ಎಂದರು.

ಹೊರಗಿನ ಬೆಂಚಿನ ಮೇಲೆ ಕೂತಾಗ ಅವನು ಹೆಂಡತಿಯ ಕಡೆ ತಿರುಗಿದ. ಯಂತ್ರದ ಮುಂದೆ ಸುಳ್ಳು ನಿಲ್ಲುವುದಿಲ್ಲ, ಈಗಲೇ ಒಳಗೆ ಹೋಗಿ ತಪ್ಪೊಪ್ಪಿಕೊಂಡು ಊರಿಗೆ ಹೋಗಿಬಿಡೋಣ ಎಂದ.

"ನನ್ನ ಪಾಪದಾಗ ನಿನ್ನೂ ಎಳದೆ, ಶಿವಗಂಗಾ. ಕ್ಷಮಾ ಮಾಡು."

ಅವನು ಎದ್ದ. ಅವಳು ತೋಳು ಹಿಡಿದು ಕೂಡಿಸಿದಳು.

"ನಾ ಸುಳ್ಳ ಹೇಳಿಲ್ಲರಿ," ಎಂದಳು. "ಉಸಿರು ನಿಂತಾಗೆಲ್ಲ ನಾನೇ ನಿಮ್ಮನ್ನ ಅಲ್ಲಾಡಿಸಿ ಮಗ್ಗಲಿಗೆ ಹೊರಳಸ್ತೀನಿ. ನೀವು ಮನ್ಯಾಗಿದ್ದ ಒಂದು ರಾತ್ರಿನೂ ನಾ ಮಲಗಿಲ್ಲ."