ಮಡಿವಾಳಪ್ಪನ ಹುಳುಗಳು

ಸುಲೋಚನಾ ಬಚ್ಚಲುಮನೆಗೆ ಓಡಿಬಂದಾಗ ಗಂಡ ಮಡಿವಾಳಪ್ಪ ಗೋಡೆ ಹಿಡಿದು ಬೆವರುತ್ತ ನಿಂತಿದ್ದ. ಆಸ್ಪತ್ರೆಯವರು ಅವನ ಹೊಟ್ಟೆಗೆ ಬಿಟ್ಟಿದ್ದ ಹುಳುಗಳೆಲ್ಲ ಸತ್ತು ಹೊರಬಿದ್ದಿದ್ದವು.

"ಏನ್ ತಿಂದ್ರಿ?"

"ಪಿತ್ತಕ್ಕ ಅಂತ ಅಕ್ಕ ಕಷಾಯ ಕೊಟ್ಲು."

ಅಡುಗೆಮನೆಯಲ್ಲಿದ್ದ ನಿಂಬೆವ್ವ ಅಳುಕಲಿಲ್ಲ. "ಹೂಂ, ಜಂತಿನ ಔಷಧಾನ ಕೊಟ್ಟೆ. ನನ್ನ ತಮ್ಮನ ಹೊಟ್ಟಿ ಏನ್ ಹುಳದ ಗೂಡೇನು?"

"ಅಕ್ಕಾರ, ಎಷ್ಟ್ ಸಲ ಹೇಳೂದ್ರಿ ನಿಮಗ? ಇವರ ಹೊಟ್ಟ್ಯಾಗಿನ ಗಡ್ಡಿ ಬೆಳೀದಂಗ ಹಿಡದಿದ್ದು ಆ ಹುಳಾನ! ಓಣ್ಯಾಗ ಮನಿಗೊಬ್ರು ಸಾಕ್ಕೊಂಡಾರ. ನಿಮಗಷ್ಟ ಯಾಕ್ರಿ ಹೇಸಿಗಿ?"

ಮೂವರೂ ಆಸ್ಪತ್ರೆಗೆ ಹೋದರೆ, ಅಲ್ಲಿನ ನರ್ಸಿಗೂ ಇಂಥವರನ್ನು ನೋಡಿ ನೋಡಿ ಸಾಕಾಗಿತ್ತು. ಪ್ರಯೋಗಾಲಯದ ಇಲಿಗಳಲ್ಲಿ ಬೆಳೆಸಿದ ಹುಳುಗಳು ಮುಗಿದು, ಮೊಟ್ಟೆಗಳಷ್ಟೇ ಉಳಿದಿದ್ದವು.

"ಇವರ ಹೊಟ್ಟ್ಯಾಗ ಮೊಟ್ಟಿ ಒಡಿಯೂದಿಲ್ರಿ. ಒಡಹುಟ್ಟಿದವ್ರ ಹೊಟ್ಟ್ಯಾಗ ಬೆಳಸಿ, ಆಮ್ಯಾಲೆ ಇವರಿಗೆ ದಾಟಿಸಬೇಕ್ರಿ. ಯಾರರ ಅದಾರೇನು?"

ಅಕ್ಕನೊಬ್ಬಳೇ ಇದ್ದಳು. ಸುಲೋಚನಾ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಕೇಳಿ, ಇಲ್ಲ ಅನ್ನಿಸಿಕೊಳ್ಳುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

"ಬ್ಯಾಡ, ಅಕ್ಕಗ ಆಗೂದಿಲ್ಲ," ಎಂದ ಮಡಿವಾಳಪ್ಪ.

ನಿಂಬೆವ್ವ ನರ್ಸಿನ ಕಡೆ ತಿರುಗಿದಳು. "ಹುಳ ಇಲ್ಲಾಂದ್ರ ಗಡ್ಡಿ ಮತ್ತ ಬೆಳಿತೈತೇನು?"

"ಬೆಳಿತೈತ್ರಿ," ಎಂದಳು ನರ್ಸ್.

ನಿಂಬೆವ್ವ ಮೊಟ್ಟೆಗಳಿದ್ದ ಬಾಟಲಿ ಇಸಿದುಕೊಂಡು, ಮೂಗು ಮುಚ್ಚಿ, ಒಂದೇ ಗುಟುಕಿಗೆ ಕುಡಿದಳು. ಓಕರಿಕೆ ಒತ್ತಿ ಬಂದಾಗ ಸುಲೋಚನಾಳ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಹೊಟ್ಟ್ಯಾಗ ಹರದಾಡೂದು ಗೊತ್ತಾಕ್ಕೈತೇನ?"

"ಬಾಯಿ ಮುಚ್ಕೊಂಡು ಕೂಡ್ರಿ ಅಕ್ಕಾರ, ಹೊರಗ ಬಂದೀತು," ಎಂದು ಗದರುತ್ತಲೇ ಸುಲೋಚನಾ ಅವಳ ಬೆನ್ನು ಸವರತೊಡಗಿದಳು.